ಹಳದಿ ದೀಪದ ಮೇಲೊಂದು ಟಿಕಳಿ

ಪಕ್ಕದ ಮನೆಯಲ್ಲಿ ಒಂದು ಹೆಚ್ಚಿನ ಕೀಲಿಕೈ ಕೊಟ್ಟಿಟ್ಟು ನಿಶ್ಚಿಂತರಾಗಿರುವವರು ನಮ್ಮಲ್ಲಿ ಬಹಳ. ಆ ಕೀಲಿಕೈ ನಿಜವಾಗಿ ನಮ್ಮ ಕೀಲಿ ತೆಗೆಯುತ್ತದೆಯೇ ಎಂದು ಒಮ್ಮೆ ತಿರುಗಿಸಿ ನೋಡಿದವರನ್ನು ಮಾತ್ರ ನಾನು ಕಂಡಿಲ್ಲ, ನಾನೂ ನೋಡಿದವಳಲ್ಲ. ನೀವು ನೋಡಿದ್ದರೆ ನಿಮಗೊಂದು ನಮಸ್ಕಾರ, ಈ ಬರಹ ನಿಮಗೆ ಬೇಕಿಲ್ಲ.

ನಾನು ಕಲಿತದ್ದು ಏಳನೆಯ ಇಯತ್ತೆ. ಅಷ್ಟು ವಿದ್ಯೆಯ ಬಲದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಮರಾಠಿ ಸೀಮೆಯ ಭೋಸರಿಯಲ್ಲಿದ್ದ ಒಂದು ಗೇರ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಯೊಳಗೆ ಕಾಲಿಟ್ಟೆ. ಆ ಕೋಣೆ ನೋಡಿಕೊಳ್ಳುತ್ತಿದ್ದವನು ನನ್ನ ಅಣ್ಣ. ಕೆಲಸ ಕೊಡಿಸಿದವನೂ ಅವನೇ. ತಯಾರಾದ ಪ್ರತಿಯೊಂದು ಗೇರಿನ ಅಳತೆ ಅಲ್ಲಿನ ಡೇಟಾಬೇಸಿನಲ್ಲಿ ಇರುತ್ತಿತ್ತು. ನೆಲ ಒರೆಸುವುದು, ಚಹಾ ಕೊಡುವುದು, ದಿನಾ ಸಂಜೆ ಅದರ ನಕಲಿಗೆ ಟೇಪು ಹಾಕುವುದು ನನ್ನ ಪಾಲು. ವಾರದ ಆರು ದಿನಕ್ಕೆ ಆರು ಟೇಪು. ಮುಂದಿನ ವಾರ ಅದೇ ಟೇಪಿನಲ್ಲಿ ಹಳೆಯದು ಅಳಿದು ಹೊಸದು ಕೂರುತ್ತಿತ್ತು. ಯಂತ್ರದ ದೀಪ ಹಸಿರಾದರೆ ವಹಿಯಲ್ಲಿ ಬರೆಯಬೇಕು, ಹಳದಿಯಾದರೆ ಅಣ್ಣನಿಗೆ ಹೇಳಬೇಕು.

ಒಂದು ಸೋಮವಾರ ಟೇಪು ಕೈಜಾರಿ ನೆಲ ಒರೆಸುವ ಬಕೆಟ್ಟಿನಲ್ಲಿ ಬಿತ್ತು. ಸೆರಗಿನಿಂದ ಒರೆಸಿ ಯಂತ್ರಕ್ಕೆ ತುರುಕಿದೆ. ಹಳದಿ ದೀಪ ಮಿಣುಕತೊಡಗಿತು. ಅಣ್ಣ ಬೈದಾನೆಂದು ಹೆದರಿ, ಹಣೆಯ ಟಿಕಳಿ ತೆಗೆದು ದೀಪದ ಮೇಲೆ ಅಂಟಿಸಿ, ವಹಿಯಲ್ಲಿ ‘ಹಸಿರು’ ಎಂದು ಬರೆದೆ. ಮರುದಿನವೂ ಬರೆದೆ, ಅದರ ಮರುದಿನವೂ. ಸುಳ್ಳು ಬರೆಯುವಾಗ ನನ್ನ ಅಕ್ಷರ ಎಂದಿಲ್ಲದಷ್ಟು ದುಂಡಗಾದವು. ಅಣ್ಣ ವಹಿ ನೋಡಿ, “ಭಾಳ ಛಂದ ಇಟ್ಟೀಯಲ್ಲ” ಎಂದ. ಯಂತ್ರದ ಕಡೆ ನೋಡಲಿಲ್ಲ.

ಮೂರನೆಯ ವಾರ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಯಂತ್ರ ಒಂದು ಟೇಪನ್ನೂ ಓದಲಿಲ್ಲ. ಬಕೆಟ್ಟಿನ ಕೊಳೆ ಯಂತ್ರದೊಳಗೆ ಕೂತು, ಆಮೇಲೆ ಹಾಕಿದ ಪ್ರತಿ ಟೇಪನ್ನೂ ಕೆಡಿಸಿತ್ತು. ಅಷ್ಟು ವರ್ಷಗಳ ಅಳತೆ ಹೋಯಿತು. ಇದು ಯಾರ ಹೊಣೆ ಎಂದು ಮಾಲೀಕರು ಮರಾಠಿಯಲ್ಲಿ ಕೇಳಿದಾಗ, ಕೋಣೆ ನನ್ನದು, ಹೊಣೆಯೂ ನನ್ನದೇ ಎಂದ ಅಣ್ಣ. ನಾನು ಬಾಗಿಲಾಚೆ, ಕಿತ್ತು ತಂದ ಟಿಕಳಿಯನ್ನು ಮುಷ್ಟಿಯಲ್ಲಿ ಹಿಡಿದು, ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದೆ. ಅವನ ಕೆಲಸ ಹೋಯಿತು. ಕಂಪ್ಯೂಟರ್ ಕೆಲಸವನ್ನು ಮತ್ತೆ ಯಾರೂ ಕೊಡಲಿಲ್ಲ. ಕೊಂಢವಾದಲ್ಲಿ ಸಿಮೆಂಟ್ ಅಂಗಡಿಗೆ ಸೇರಿದ. ನಾನು ಅದೇ ಕೋಣೆಯಲ್ಲಿ ಇನ್ನೂ ನಾಲ್ಕು ವರ್ಷ ನೆಲ ಒರೆಸಿದೆ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ರವಿವಾರ ಮಧ್ಯಾಹ್ನ, ಅವನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಶೇಂಗಾ ಸುಲಿಯುತ್ತಿದ್ದ ಅಣ್ಣನ ಕೈ ನಿಂತಿತು.

“ಬೈಯೋ ಅಣ್ಣಾ,” ಎಂದೆ.

“ಟೇಪು ತಿರುಗಿ ಓದಿಸಿ ನೋಡೂದು ನನ್ನ ಕೆಲಸಾಗಿತ್ತು, ಶಾಂತೂ. ನಾನೂ ಒಮ್ಮೆನೂ ನೋಡಿರಲಿಲ್ಲ.”

ಅಂದರೆ ಇಷ್ಟು ವರ್ಷ ಆತ ತನ್ನ ತಪ್ಪಿನ ಜೊತೆಗೆ ನನ್ನದನ್ನೂ ತನ್ನದೆಂದೇ ಹೊತ್ತಿದ್ದ. ಅರ್ಧ ಗಂಟೆಯ ಬೈಗುಳ ತಪ್ಪಿಸಿಕೊಳ್ಳಲು ನಾನು ಅವನ ತಲೆಗೆ ಹೊರಿಸಿದ ಭಾರ ಅದು.

ಅಣ್ಣ ಇನ್ನೊಂದು ಶೇಂಗಾ ಸುಲಿದು ಕೇಳಿದ: “ಬಕೆಟ್ಟಿನ್ಯಾಗ ಬಿದ್ದದ್ದು ಯಾವ ದಿನದ ಟೇಪು?”

“ಸೋಮವಾರದ್ದು.”

ಅಣ್ಣ ತಲೆಯಾಡಿಸಿದ. ಶೇಂಗಾ ಸಿಪ್ಪೆ ಹತ್ತಿದ ಕೈಯನ್ನೆತ್ತಿ, ಐದೂ ಬೆರಳು ಬಿಡಿಸಿ ನನ್ನ ಮುಂದೆ ಹಿಡಿದ.

“ಅವತ್ತ ಹೇಳಿದ್ದರ ಇಷ್ಟು ಟೇಪು ಉಳೀತಿದ್ವಲ್ಲವಾ.”