ಬಿಸಿ ಹೊಳೆಯಲ್ಲಿ ಅಮ್ಮನ ಕಣ್ಣು

ಎರಡು ವರ್ಷದ ಹಿಂದೆ ಮನೆದೇವತೆಗೆ ಹೊಳೆಸ್ನಾನ ಮಾಡಿಸುವ ಸರದಿ ದೊಡ್ಡಮ್ಮನದಾಗಿತ್ತು. ಮಿಡಿಗೇಶಿಯ ನಮ್ಮ ಮನೆತನದಲ್ಲಿ ಈ ಅಮ್ಮನಿಗೆ ವರ್ಷಕ್ಕೊಮ್ಮೆ ಹರಿಯುವ ನೀರಿನಲ್ಲೇ ಸ್ನಾನವಾಗಬೇಕು. ಆ ವರ್ಷ ನಮ್ಮ ಕಡೆ ಹರಿಯುವ ನೀರೇ ಇರಲಿಲ್ಲ. ನನ್ನ ತಮ್ಮ ಮಂಜು ಉತ್ತರದ ದೊಡ್ಡ ಹೊಳೆಯೊಂದರ ದಡದಲ್ಲಿ, ಕಲ್ಲಿದ್ದಲ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ದೊಡ್ಡಮ್ಮ ಗೇಣುದ್ದದ ಕಲ್ಲಿನ ಅಮ್ಮನನ್ನು ಬುಟ್ಟಿಯಲ್ಲಿಟ್ಟುಕೊಂಡು, ನನ್ನನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದರು.

ಚಳಿಯ ಬೆಳಗ್ಗೆ ನೀರಿಗೆ ಕಾಲಿಟ್ಟವರೇ ಬೆಚ್ಚಿದರು. “ಲೇ ಮಂಜ, ಹೊಳೆ ಕಾದೈತೆ ಕಣ್ಲಾ! ಯಾರ್ಲಾ ಒಲೆ ಹಚ್ಚಿದ್ದು?”

“ನಾವೇ ದೊಡ್ಡಮ್ಮ,” ಎಂದ ಮಂಜು ಹೆಮ್ಮೆಯಿಂದ. “ಮಿಷನ್ ತಣ್ಣಗಾಗೋಕೆ ಹೊಳೆ ನೀರು ಎಳ್ಕಂತೀವಿ, ಕಾದ್ಮೇಲೆ ವಾಪಸ್ ಬುಡ್ತೀವಿ. ಬಿಸಿ ಅಷ್ಟೇಯ, ಯಾರಿಗೂ ತೊಂದ್ರೆ ಇಲ್ಲ.”

ಡೈರಿಯಲ್ಲಿ ‘ಕುದಿಯುವ ಹೊಳೆ’ ಎಂದು ಬರೆದುಕೊಂಡಿದ್ದೇನೆ. ಅಷ್ಟಿರಲಾರದು. ಎಳೆಮಗುವಿಗೆ ಎರೆಯುವಷ್ಟು ಬಿಸಿ ಇದ್ದೀತು.

“ಚಳೀಲಿ ಬಿಸ್ನೀರು, ಅಮ್ಮನ ಪುಣ್ಯ!” ಎಂದು ದೊಡ್ಡಮ್ಮ ಮೂರ್ತಿಯನ್ನು ಮುಳುಗಿಸಿ ಚೆನ್ನಾಗಿ ಉಜ್ಜಿದರು. ಮೇಲೆತ್ತಿದರೆ ಅಮ್ಮನಿಗೆ ಒಂದೇ ಕಣ್ಣು! ಬೆಳ್ಳಿ ಕಣ್ಣುಗಳನ್ನು ಅಂಟಿಸಿದ್ದ ಜೇನುಮೇಣ ಬಿಸಿಗೆ ಮೆತ್ತಗಾಗಿತ್ತು. ಕಣ್ಣಿಲ್ಲದ ಅಮ್ಮನನ್ನು ಮನೆಯೊಳಗೆ ಕರೆದುಕೊಳ್ಳುವಂತಿಲ್ಲ.

“ಊರಿಗೆ ಹೆಂಗ್ಲಾ ಹೋಗ್ಲಿ?” ಎಂದು ದೊಡ್ಡಮ್ಮ ದಡದಲ್ಲೇ ಕುಸಿದರು. ಮಂಜು ಪ್ಯಾಂಟು ಮಡಚಿ ಕೆಸರು ಜಾಲಾಡತೊಡಗಿದ. ಬಲೆ ಹೊತ್ತು ಹೋಗುತ್ತಿದ್ದ ಅಲ್ಲಿಯ ಹೆಂಗಸೊಬ್ಬರು ವಿಷಯ ಕೇಳಿ ನಕ್ಕುಬಿಟ್ಟರು. “ಮೀನು ಸೈತ ಈ ಬಿಸಿ ತಡ್ಕೊಳ್ಳಾಕಾಗದ ಓಡಿ ಹೋಗ್ಯಾವ. ನಿಮ್ಮ ದೇವಿ ಕಣ್ಣು ಹೆಂಗ ನಿಂತಾವ್ರೀ?”

ದೊಡ್ಡಮ್ಮ ಅಳುತ್ತ ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು. ಬಳೆಗಳ ನಡುವೆ ಮೇಣಸಹಿತ ಅಂಟಿಕೊಂಡಿದ್ದ ಬೆಳ್ಳಿ ಕಣ್ಣು ನಮ್ಮನ್ನೇ ನೋಡುತ್ತಿತ್ತು.

ಆದರೆ ಅದನ್ನು ಅಮ್ಮನ ಮುಖಕ್ಕೆ ಎಷ್ಟು ಒತ್ತಿದರೂ ಜಾರುತ್ತಿತ್ತು. ಆ ಹೆಂಗಸೇ ನಮ್ಮನ್ನು ಸ್ಥಾವರ ದಾಟಿ ಹೊಳೆ ಹರಿದುಬರುವ ಕಡೆಗೆ, ತಣ್ಣೀರಿದ್ದಲ್ಲಿಗೆ ಕರೆದೊಯ್ದರು. ಅಲ್ಲಿ ಮುಳುಗಿಸಿ ಹಿಡಿದ ಮೇಲೆ ಮೇಣ ಗಟ್ಟಿಯಾಯಿತು. ಅಷ್ಟರಲ್ಲಿ ಮರಿಮೀನುಗಳು ದೊಡ್ಡಮ್ಮನ ಪಾದ ಕಚ್ಚತೊಡಗಿದವು.

“ನೋಡ್ಲಾ, ಎಲ್ಲಾ ಇಲ್ಲಿಗೇ ಬಂದ್ಬುಟ್ಟವೆ. ನಿನ್ ಒಲೆ ತಾವ ಒಂದಾದ್ರೂ ಇತ್ತೇನ್ಲಾ?”

ಮಂಜು ಬಗ್ಗಿ ಮಡಚಿದ್ದ ಪ್ಯಾಂಟನ್ನು ಇಳಿಸಿಕೊಳ್ಳತೊಡಗಿದ.

ಆ ಕಣ್ಣು ಈಗಲೂ ಸ್ವಲ್ಪ ಓರೆಯಾಗಿದೆ. ಮೊದಲೂ ಹಾಗೇ ಇತ್ತೇ ಎಂದು ಒಮ್ಮೊಮ್ಮೆ ನನಗೆ ಅನುಮಾನ, ದೊಡ್ಡಮ್ಮನಿಗಂತೂ ಇಲ್ಲ. ಮಂಜು ರಜೆಗೆ ಬಂದಾಗ ಅಮ್ಮನ ಎದುರು ನಿಲ್ಲುವುದಿಲ್ಲ, ಗೋಡೆ ಪಕ್ಕಕ್ಕೆ ಸರಿದು ಕೈಮುಗಿಯುತ್ತಾನೆ. ಅಮ್ಮ ನೋಡುವುದೂ ಸರಿಯಾಗಿ ಅಲ್ಲಿಗೇ.