ಅವರ ಹೆಸರಿನಲ್ಲಿ ಬಿದ್ದ ಮತ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಕೆಳಮನೆಯಲ್ಲಿದ್ದವರು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ನಮ್ಮ ಲೋಕಸಭಾ ಕ್ಷೇತ್ರದ ಪ್ರತಿಯೊಂದು ಚುನಾವಣೆಯೂ ಅವರಿಗೆ ಬಾಯಿಪಾಠ. ಯಾರು ಗೆದ್ದರು, ಯಾವ ಗಲ್ಲಿ ಯಾರ ಕಡೆ ವಾಲಿತು ಎಂಬುದನ್ನೆಲ್ಲ ಚಹಾದಲ್ಲಿ ಅದ್ದಿದ ಚಮಚದಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ಇಲ್ಲಿ ಗೆದ್ದ ಕಡೆಯವರೇ ಹೆಚ್ಚಿನ ಸಲ ದೇಶವನ್ನು ಆಳಿದ್ದಾರೆ ಎಂಬುದು ಅವರ ಹೆಮ್ಮೆ. "ಮೊದಲು ನಾವು ಹೇಳುವುದು ಮಾರಾಯ್ರೆ, ಮತ್ತೆ ದಿಲ್ಲಿ," ಎನ್ನುವರು.

ಕಳೆದ ಚುನಾವಣೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು. ಒಳಗೆ ಪಟ್ಟಿ ನೋಡುತ್ತಿದ್ದ ಹೆಂಗಸು ತಲೆಯೆತ್ತಿ, "ಕಾಕಾ, ತುಮ್ಚಂ ಮತ ಝಾಲಂಯ್," ನಿಮ್ಮ ಮತ ಆಗಿಹೋಗಿದೆ ಎಂದು ಮರಾಠಿಯಲ್ಲಿ ಹೇಳಿದಳು. ಬೆಳಿಗ್ಗೆಯೇ ಯಾರೋ ಅವರ ಹೆಸರಿನಲ್ಲಿ ಮತ ಹಾಕಿ ಹೋಗಿದ್ದರು.

ಅವರು ಮಸಿಯಿಲ್ಲದ ತೋರುಬೆರಳನ್ನು ಎತ್ತಿ ಹಿಡಿದು ಅಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಅಧಿಕಾರಿ ಗುರುತಿನ ಚೀಟಿ ಪರಿಶೀಲಿಸಿ, ಯಂತ್ರದ ಬದಲು ಕಾಗದದ ಮತಪತ್ರವೊಂದನ್ನು ಕೊಟ್ಟರು. ಇವರು ಗುರುತು ಹಾಕಿ ತಂದ ಮೇಲೆ ಅದನ್ನು ಲಕೋಟೆಗೆ ಹಾಕಿ ಮುಚ್ಚುವಾಗ, ಕೋರ್ಟು ಹೇಳದೆ ಇದನ್ನು ಎಣಿಸುವುದಿಲ್ಲ ಎಂದೂ ತಿಳಿಸಿದರು.

ಹೊರಗೆ ಬಂದವರು ಗೋಡೆಗೆ ಕೈ ಆನಿಸಿ ನಿಂತುಬಿಟ್ಟರು. "ಪೊಲೀಸರಿಗೆ ಹೇಳುವಾ?" ಎಂದೆ.

"ಇಲ್ಲಿ ಯಾರು ಯಾರಿಗೆ ಹಾಕಿದರು ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ," ಎಂದರು. "ಈಗ ನನ್ನ ಓಟು ಯಾರಿಗೆ ಬಿತ್ತು ಅಂತ ನನಗೇ ಗೊತ್ತಿಲ್ಲವಲ್ಲ!"