ತೊಟ್ಟಿಕ್ಕುವ ಫಿಲ್ಟರು

ಕಿವಿ ಮೇಸ್ತ್ರಿ ಎಂದರೆ ಒಂದು ಕಾಲಕ್ಕೆ ಆ ಬೀದಿಯ ಲಾರಿ ಡ್ರೈವರುಗಳೆಲ್ಲ ಎದ್ದು ನಿಲ್ಲುತ್ತಿದ್ದರು. ಬಾನೆಟ್ ಎತ್ತುವ ಅಗತ್ಯವೇ ಅವನಿಗಿರಲಿಲ್ಲ. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಕಿವಿ ಕೊಟ್ಟು, "ಮೂರನೇ ಸಿಲಿಂಡರು ಸತ್ತಿದೆ" ಅಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಮೂರನೆಯದೇ ಆಗಿರುತ್ತಿತ್ತು. ಆ ಕಿವಿಗಳು ಈಗಲೂ ಚುರುಕಾಗಿಯೇ ಇವೆ. ಏನು ಮಾಡುವುದು, ಈಗಿನ ಗಾಡಿಗಳು ಕಂಪ್ಯೂಟರಿನ ಎದುರು ಮಾತ್ರ ಬಾಯಿ ಬಿಡುತ್ತವೆ, ಮೇಸ್ತ್ರಿಗೋ ಕಂಪ್ಯೂಟರ್ ಕಂಡರಾಗದು.

ಹೀಗೆ ಒಬ್ಬೊಬ್ಬರೇ ಜಾರಿಕೊಂಡು, ಕೊನೆಗೆ ಅವನ ಶೆಡ್ಡಿಗೆ ಬರುವ ಗಾಡಿ ಒಂದೇ ಉಳಿಯಿತು, ತಂಗಿಯ ವ್ಯಾನು. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಸಾಗಿಸುವುದು ಅವಳ ಕೆಲಸ. ತಿಂಗಳ ಮೊದಲ ಭಾನುವಾರ ವ್ಯಾನು ಅಣ್ಣನ ಕೈಗೆ. ಅದು ಬರುತ್ತಿರುವವರೆಗೆ ತಾನು ಮೇಸ್ತ್ರಿ, ಅದೂ ನಿಂತರೆ ಬರೀ ಮುದುಕ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ವ್ಯಾನಿಗೆ ಅವನ ಉಪಚಾರ ಜೋರು.

ಉಪಚಾರದಲ್ಲಿ ಮುಖ್ಯವಾದದ್ದು ಏರ್ ಫಿಲ್ಟರು. ಕಂಪನಿಯವರು ಕೊಟ್ಟ ಕಾಗದದ ಫಿಲ್ಟರನ್ನು ಕಿತ್ತೆಸೆದು, ದಪ್ಪ ಸ್ಪಂಜನ್ನು ಅಳತೆಗೆ ಕತ್ತರಿಸಿ ಕೂರಿಸಿದ್ದ. ಪ್ರತಿ ಸಲ ಅದನ್ನು ತೊಳೆದು, ಎಣ್ಣೆಯಲ್ಲಿ ಅದ್ದಿ, ತೊಟ್ಟಿಕ್ಕುತ್ತಿರುವಾಗಲೇ ಹಾಕುತ್ತಿದ್ದ. ಧೂಳು ಎಣ್ಣೆಗೆ ಅಂಟಬೇಕು, ಎಂಜಿನ್ನಿಗೆ ಹೋಗಬಾರದು ಎಂದು ಅವನ ಗುರು ಕಲಿಸಿದ್ದ. ಹಳೆಯ ಎಂಜಿನ್ನುಗಳಿಗೆ ಅದು ಸರಿಯೇ. ಆದರೆ ಈ ವ್ಯಾನಿನಲ್ಲಿ ಫಿಲ್ಟರಿನ ಆಚೆ, ಗಾಳಿಯ ಕೊಳವೆಯೊಳಗೆ, ಕೂದಲಿನಷ್ಟು ತೆಳ್ಳಗಿನ ತಂತಿಯ ಸೆನ್ಸರಿತ್ತು. ಒಳಗೆ ಎಷ್ಟು ಗಾಳಿ ಹೋಗುತ್ತಿದೆಯೆಂದು ಅದು ಅಳೆದು ಹೇಳಿದ ಮೇಲೆಯೇ ಎಂಜಿನ್ನಿಗೆ ಡೀಸೆಲ್ಲು. ಎಣ್ಣೆಯ ಪಸೆ ಅದರ ಮೇಲೆ ಕೂತರೆ ಅಳತೆಯೆಲ್ಲ ತಲೆಕೆಳಗು. ಗುರುವಿಗೆ ಇದು ಗೊತ್ತಿರಲಿಲ್ಲ, ಪಾಪ, ಅವನು ಸತ್ತು ಎಷ್ಟೋ ಕಾಲವಾಗಿತ್ತು. ಬದುಕಿದ್ದ ಶಿಷ್ಯನಿಗಾದರೂ ಗೊತ್ತಿರಬೇಡವೇ?

ಹೋದ ವರ್ಷ ವ್ಯಾನು ಮುಗ್ಗರಿಸತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಳೆಯುವುದಿಲ್ಲ, ಹಿಂದೆ ನೋಡಿದರೆ ಕರೀ ಹೊಗೆ. ಮೇಸ್ತ್ರಿ ಕಿವಿಯಿಟ್ಟು ಕೇಳಿದ. ಡೀಸೆಲ್ ಫಿಲ್ಟರ್ ಬದಲಿಸಿದ, ಇಂಜೆಕ್ಟರ್ ಬಿಚ್ಚಿ ತೊಳೆದ. ಕೊನೆಗೆ ತಲೆಕೆಟ್ಟು ಸೆನ್ಸರಿನ ವೈರನ್ನೇ ಎಳೆದುಹಾಕಿದ. ಎಂಜಿನ್ನು ಅಷ್ಟಿಷ್ಟು ಸುಧಾರಿಸಿತು.

"ನೋಡಿದ್ಯಾ? ಈ ದರಿದ್ರದ್ದೇ ತಂಟೆ. ಇದಿಲ್ದೆ ನಾವೇನು ಗಾಡಿ ಓಡಿಸ್ಲಿಲ್ವಾ?"

ಮೂರನೇ ದಿನ ಸೇತುವೆಯ ಏರಿನಲ್ಲಿ ವ್ಯಾನು ನಿಂತೇಹೋಯಿತು, ಒಳಗೆ ಇಬ್ಬರು ರೋಗಿಗಳಿದ್ದರು. ಆದರೆ ಮುಂದಿನ ತಿಂಗಳು ಶೆಡ್ಡಿಗೆ ಬಂದಾಗ ಅದು ಕುದುರೆಯ ಹಾಗೆ ಓಡುತ್ತಿತ್ತು. ಸೆನ್ಸರಿನ ವೈರು ಮತ್ತೆ ಜಾಗಕ್ಕೆ ಬಂದಿತ್ತು.

"ನಾನೇ ಸಿಕ್ಕಿಸ್ದೆ ಅಣ್ಣಾ," ಎಂದಳು ತಂಗಿ. "ತಾನೇ ಸರಿಹೋಯ್ತು. ನೀನು ಇಂಜೆಕ್ಟರ್ ತೊಳೆದಿದ್ದು ನಿಧಾನಕ್ಕೆ ಹಿಡೀತು ಅನ್ಸುತ್ತೆ."

ಅವನು ನಂಬಿದ. ಹೊಗಳಿಕೆಯನ್ನು ನಂಬದವರು ಯಾರಿದ್ದಾರೆ? ವರ್ಷವಿಡೀ ಟೀ ಅಂಗಡಿಯಲ್ಲಿ ಅದೇ ಕೊಚ್ಚಿಕೊಂಡ. "ನನ್ನ ಸ್ಪಂಜು ನೋಡ್ಬೇಕು ನೀವು. ತಿಂಗಳಾದ್ರೂ ಒಂದು ಕಣ ಧೂಳಿಲ್ಲ!" ಧೂಳು ಹಿಡಿಯಲೆಂದೇ ಇರುವ ಫಿಲ್ಟರಿನಲ್ಲಿ ಧೂಳೇ ಇಲ್ಲವೆಂದರೆ ಏನರ್ಥ ಎಂದು ಮಹಾಶಯನಿಗೆ ಹೊಳೆಯಲಿಲ್ಲ.

ಮೊನ್ನೆಯ ಸಲ ತಂಗಿ ಅವಸರದಲ್ಲಿ ಬಂದಳು. ತುರ್ತಾಗಿ ಒಬ್ಬ ರೋಗಿಯನ್ನು ಆಸ್ಪತ್ರೆಗೆ ಬಿಟ್ಟು ಅಲ್ಲಿಂದ ನೇರ ಇಲ್ಲಿಗೆ. ಅತ್ತಿಗೆಯನ್ನು ಮಾತಾಡಿಸಲು ಒಳಗೆ ಹೋದಳು. ಮೇಸ್ತ್ರಿ ಫಿಲ್ಟರ್ ಡಬ್ಬಿಯ ಕ್ಲಿಪ್ಪು ತೆಗೆದ. ಒಳಗೆ ಸ್ಪಂಜು ಇರಲಿಲ್ಲ. ಒಣ ಕಾಗದದ ಫಿಲ್ಟರಿತ್ತು, ಅದರ ಅಂಚಿನಲ್ಲಿ ಯಾರೋ ಮಾರ್ಕರಿನಿಂದ ಬರೆದಿದ್ದರು: "ಸೆನ್ಸರ್ ಕ್ಲೀನ್ ಮಾಡಿದೆ. ಎಣ್ಣೆ ಫಿಲ್ಟರ್ ಹಾಕಲೇಬೇಡಿ." ಕೆಳಗಿದ್ದ ತಾರೀಕು ಹೋದ ವರ್ಷದ್ದು, ವ್ಯಾನು ಸೇತುವೆಯ ಮೇಲೆ ನಿಂತ ಮಾರನೇ ದಿನದ್ದು.

ಡ್ರೈವರ್ ಸೀಟಿನ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಅವನ ಸ್ಪಂಜು ಇತ್ತು. ಹೋದ ತಿಂಗಳು ಅದ್ದಿದ ಎಣ್ಣೆ ಹಾಗೇ ಇತ್ತು.

ಪ್ರತಿ ತಿಂಗಳೂ ಅವಳು ಇಲ್ಲಿಗೆ ಬರುವ ಮುಂಚೆ ಸ್ಪಂಜು ಹಾಕಿದ್ದಾಳೆ, ಇಲ್ಲಿಂದ ಹೋದಮೇಲೆ ತೆಗೆದಿದ್ದಾಳೆ. ಈ ಸಲ ಅವಸರದಲ್ಲಿ ಮರೆತಿದ್ದಾಳೆ. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಬರೀ ಬೇರೆ ಮೇಸ್ತ್ರಿಯ ಹತ್ತಿರ ಹೋದದ್ದಷ್ಟೇ ಆಗಿದ್ದರೆ ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದ. ಇವಳು ವರ್ಷವಿಡೀ ಅವನಿಗೆ ಆಟದ ಸಾಮಾನು ಕೊಟ್ಟು ಕೂರಿಸಿದ್ದಳು.

ಕೈ ಎಣ್ಣೆ ಡಬ್ಬಿಯತ್ತ ಹೋಯಿತು. ಅದ್ದಿ ಹಾಕಿಬಿಟ್ಟರೆ ಎಂದಿನಂತೆ ನಾಟಕ ನಡೆಯುತ್ತದೆ. ಆದರೆ ಸೇತುವೆಯ ಮೇಲೆ ಕೂತಿದ್ದ ಆ ಇಬ್ಬರು ನೆನಪಾದರು. ಇಷ್ಟು ಗೊತ್ತಾದ ಮೇಲೂ ತಪ್ಪು ಕೆಲಸ ಮಾಡಲು ಅವನ ಕೈ ಒಪ್ಪಲಿಲ್ಲ. ಕಾಗದದ ಫಿಲ್ಟರಿನ ಧೂಳು ಕೊಡವಿ, ಅದನ್ನೇ ಕೂರಿಸಿ, ಸ್ಪಂಜನ್ನು ಇದ್ದಲ್ಲೇ ಇಟ್ಟ. ಆಮೇಲೆ ಎಣ್ಣೆ ಸುರಿದುಕೊಂಡು ಎರಡೂ ಕೈಗಳಿಗೆ ಮೊಣಕೈವರೆಗೆ ಬಳಿದುಕೊಂಡ.

"ಆಯ್ತಾ ಅಣ್ಣಾ? ಎಣ್ಣೆ ಚೆನ್ನಾಗಿ ಹಾಕಿದ್ಯಾ?"

"ಹಾಕ್ದೆ. ಇನ್ನೊಂದು ತಿಂಗಳು ತಿರುಗಿ ನೋಡ್ಬೇಡ."

ಅವಳು ಅವನ ಕೈ ನೋಡಿ ನಕ್ಕು ಹೊರಟಳು. ತಿರುವು ದಾಟಿ ವ್ಯಾನು ನಿಂತದ್ದು ಮೇಸ್ತ್ರಿಗೆ ಕೇಳಿಸಿತು. ಬಾನೆಟ್ ಎತ್ತಿದ ಸದ್ದು, ಆಮೇಲೆ ಕ್ಲಿಪ್ಪಿನದು. ಸ್ಪಂಜು ತೆಗೆಯಲು ಅವಳು ಡಬ್ಬಿ ತೆರೆದೇ ತೆರೆಯುತ್ತಾಳೆ ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ. ಬಹಳ ಹೊತ್ತು ಬೇರೆ ಯಾವ ಸದ್ದೂ ಇರಲಿಲ್ಲ. ಕೊನೆಗೆ ಬಾನೆಟ್ ಮೆಲ್ಲಗೆ ಮುಚ್ಚಿಕೊಂಡಿತು.

ಮುಂದಿನ ತಿಂಗಳ ಮೊದಲ ಭಾನುವಾರ ಮೇಸ್ತ್ರಿ ಶೆಡ್ಡು ಗುಡಿಸಿ ಕಾದ. ವ್ಯಾನು ಬರಲಿಲ್ಲ, ಫೋನು ಬಂತು.

"ಅಣ್ಣಾ, ಈ ಸಲ ಸರ್ವೀಸು ಬೇರೆ ಕಡೆ ಮಾಡಿಸ್ಬಿಟ್ಟೆ. ಇನ್ಮೇಲೆ ಅಲ್ಲೇ ಮಾಡಿಸ್ತೀನಿ. ನಿಂಗ್ಯಾಕೆ ಸುಮ್ನೆ ತೊಂದ್ರೆ."

"ಒಳ್ಳೇದಾಯ್ತು ಬಿಡು," ಎಂದ.

ಅವಳ ಮಾತಿನ ಹಿಂದೆ ವ್ಯಾನಿನ ಸದ್ದು ಕೇಳುತ್ತಿತ್ತು. ಮೇಸ್ತ್ರಿ ಫೋನನ್ನು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೇಳಿದ. ಒಂದಾದರೂ ತಪ್ಪು ಸಿಗುತ್ತದೇನೋ ಎಂದು ಹುಡುಕಿದ. ಎಂಜಿನ್ನು ಚೆನ್ನಾಗಿ ಓಡುತ್ತಿತ್ತು.